ಚೀಲ ಯಾರ ಕೈಯಲ್ಲಿ ಉಳಿಯಿತು? ಬೇಡದ ಹೊರೆಯ ಇಂಗ್ಲಿಷ್ ನುಡಿಗಟ್ಟು ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಸಂಜೆ ಕ್ಲಾಸಿಗೆ ಬರುವ ಹುಡುಗನೊಬ್ಬ ಮಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಅವನ ಕ್ಲೈಂಟ್ ಇರುವುದು ಇಂಗ್ಲೆಂಡಿನಲ್ಲಿ. ಒಮ್ಮೆ ಇವನ ಜೊತೆಯವನು ಕೊನೇ ಗಳಿಗೆಯಲ್ಲಿ ಕೈ ಎತ್ತಿದ. ಕೆಲಸ ಪೂರ್ತಿ ಇವನ ತಲೆಗೆ ಬಂತು. ಸಿಟ್ಟಿನಲ್ಲಿ ಮೇಲ್ ಬರೆದ: 'ಹಿ ರೇಸ್ಡ್ ಹಿಸ್ ಹ್ಯಾಂಡ್ ಅಟ್ ದ ಲಾಸ್ಟ್ ಮಿನಿಟ್.' ಸ್ವಲ್ಪ ಹೊತ್ತಿಗೆ ಉತ್ತರ ಬಂತು. ತುಂಬ ಸಂತೋಷ, ಅವರಿಗೆ ನನ್ನ ಥ್ಯಾಂಕ್ಸ್ ಹೇಳಿ, ಅಂತ.

ಇಂಗ್ಲಿಷಿನಲ್ಲಿ ಕೈ ಎತ್ತುವುದೆಂದರೆ 'ನಾನು ಮಾಡುತ್ತೇನೆ' ಎಂದು ಮುಂದೆ ಬರುವುದು. ನಮ್ಮಲ್ಲಿ 'ನನ್ನಿಂದ ಆಗುವುದಿಲ್ಲ' ಎಂದು ಹಿಂದೆ ಸರಿಯುವುದು. ಓಡಿಹೋದವನಿಗೆ ಶಾಭಾಷ್ ಸಿಕ್ಕಿತು. ಇವನಿಗೆ ಕೆಲಸ ಉಳಿಯಿತು.

"ಎಂತ ಮಾಡುದು ಸರ್, ಕನ್ನಡದಲ್ಲಿ ಯೋಚನೆ ಮಾಡಿ ಸರಿಯಾಗಿಯೇ ಬೈದಿದ್ದೆ" ಅಂದ.

ಅವನು ಹೇಳಿದ್ದು ನಿಜ. ಬೇಡದ ಹೊರೆ ತಲೆಗೆ ಬಂದಾಗ ಹೇಳುವ ಮಾತು ಕನ್ನಡದಲ್ಲಿ ನಮಗೆ ಧಾರಾಳ ಉಂಟು. ಇಂಗ್ಲಿಷಿನಲ್ಲೂ ಉಂಟು. ಆದರೆ ಎರಡೂ ಬೇರೆ ಬೇರೆ ಚಿತ್ರಗಳು. ಅರ್ಥ ಬಾಯಿಪಾಠ ಮಾಡಿದರೆ ಈ ಹುಡುಗನ ಹಾಗೆ ಸಿಕ್ಕಿಬೀಳುತ್ತೀರಿ. ಚಿತ್ರ ಹಿಡಿದರೆ ಉಳಿಯುತ್ತೀರಿ. ನಾನು ಕ್ಲಾಸಿನಲ್ಲಿ ಹೇಳಿಕೊಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಒಂದು ಪುಸ್ತಕ ತೆಗೆದುಕೊಂಡು ನಿಮ್ಮ ಕನ್ನಡವನ್ನೇ ಬರೆಯಿರಿ

ಇಂಗ್ಲಿಷ್ ಪಟ್ಟಿ ಆಮೇಲೆ. ಮೊದಲು, ಕಳೆದ ಒಂದು ತಿಂಗಳಲ್ಲಿ ನೀವೇ ಆಡಿದ ಮಾತು ನೆನಪು ಮಾಡಿಕೊಳ್ಳಿ. 'ನನ್ನ ತಲೆಗೆ ಕಟ್ಟಿದರು.' 'ಕೊರಳಿಗೆ ಬಿತ್ತು ಮಾರಾಯ.' 'ಎಲ್ಲಿಂದಲೋ ಬಂದು ಗಂಟುಬಿದ್ದ.' 'ನಡುನೀರಲ್ಲಿ ಕೈಬಿಟ್ಟರು.' 'ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.' ನೋಡಿ, ಕನ್ನಡದಲ್ಲಿ ಹೊರೆ ಜಾಸ್ತಿ ಬಂದು ಕೂರುವುದು ಮೈಮೇಲೆ. ತಲೆ, ಕೊರಳು, ಹೆಗಲು, ಬೆನ್ನು. ಇಂಗ್ಲಿಷಿನಲ್ಲಿ ಅರ್ಧಕ್ಕರ್ಧ ಕೈಯಲ್ಲಿ ಉಳಿಯುತ್ತದೆ. ಈ ಒಂದು ವ್ಯತ್ಯಾಸ ಗೊತ್ತಾದರೆ 'ದೆ ಟೈಡ್ ಇಟ್ ಟು ಮೈ ಹೆಡ್' ಎಂದು ಬರೆಯುವುದು ತಪ್ಪುತ್ತದೆ. ನನ್ನ ಹತ್ತಿರ ಒಬ್ಬರು ಹಾಗೆ ಬರೆದು ತಂದದ್ದೂ ಉಂಟು.

ಪ್ರತಿ ಮಾತಿನ ಎದುರು ಅದನ್ನು ಯಾವಾಗ, ಯಾರಿಗೆ ಹೇಳಿದಿರಿ ಎಂದೂ ಬರೆಯಿರಿ. ಇದು ನನ್ನ ಹೊಸ ಉಪಾಯವೇನಲ್ಲ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ. ಅದರಲ್ಲಿ ಶಬ್ದದ ಅರ್ಥ ಮಾತ್ರ ಇಲ್ಲ, ಗಾದೆಗಳೂ ಇವೆ. ಜರ್ಮನಿಯಿಂದ ಬಂದ ಮನುಷ್ಯನಿಗೆ ಗೊತ್ತಿತ್ತು, ಮಾತು ಬಳಕೆಯಲ್ಲೇ ಸಿಗುವುದು ಅಂತ. ನಾವು ಅದನ್ನೇ ಈಗ ತಿರುಗಿಸಿ ಮಾಡುತ್ತಿದ್ದೇವೆ, ಅಷ್ಟೆ.

ಎರಡನೇ ಹೆಜ್ಜೆ: ಮೂರು ಪ್ರಶ್ನೆ ಕೇಳಿ

ಯಾವ ನುಡಿಗಟ್ಟು ಎದುರಿಗೆ ಬಂದರೂ ಇಷ್ಟು ಕೇಳಿಕೊಳ್ಳಿ. ಯಾರಾದರೂ ಬಿಟ್ಟು ಓಡಿದರೇ? ಉಳಿದದ್ದು ಎಂತದು: ಕೆಲಸವೋ, ದುಡ್ಡೋ, ವಸ್ತುವೋ, ಬೈಗುಳವೋ? ಅದನ್ನು ಇನ್ನೊಬ್ಬರಿಗೆ ದಾಟಿಸಲು ಆಗುತ್ತದೆಯೇ? ಮುಂದಿನದೆಲ್ಲ ಈ ಮೂರರ ಮೇಲೆಯೇ ನಿಂತಿದೆ.

ಮೂರನೇ ಹೆಜ್ಜೆ: ಚೀಲವನ್ನೂ ಮಗುವನ್ನೂ ಸರಿಯಾಗಿ ಹಿಡಿಯಿರಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಇದೊಂದು ಸರಿಯಾಗಿ ಬಂದರೆ ಉಳಿದದ್ದು ಸುಲಭ.

'ಲೆಫ್ಟ್ ಹೋಲ್ಡಿಂಗ್ ದ ಬ್ಯಾಗ್.' ಎಲ್ಲರೂ ಸೇರಿ ಶುರು ಮಾಡಿದ್ದು, ಎಲ್ಲರೂ ಜಾರಿಕೊಂಡರು, ಕೊನೆಗೆ ಚೀಲ ಹಿಡಿದು ನಿಂತವನು ಒಬ್ಬ. ಅಮೆರಿಕದಲ್ಲಿ ಇದು ಹಳೇ ಮಾತು. 1787ರಲ್ಲಿ ಅಲ್ಲಿ ಆಡಿದ ಒಂದು ಹಾಸ್ಯ ನಾಟಕದಲ್ಲೇ, ದಂಗೆ ಎಬ್ಬಿಸಿದ ನಾಯಕ ತಾನು ನುಣುಚಿಕೊಂಡು ನಮ್ಮ ಕೈಗೆ ಚೀಲ ಕೊಟ್ಟು ಹೋದ ಎಂಬ ಮಾತು ಬರುತ್ತದೆ. ಅಮೆರಿಕದ ಮಕ್ಕಳ ಶಿಬಿರಗಳಲ್ಲಿ ಇದಕ್ಕೆ ಸರಿಯಾಗಿ ಹೊಂದುವ ಒಂದು ಕೀಟಲೆಯೂ ಉಂಟು. ಸ್ನೈಪ್ ಎಂಬ ಉದ್ದ ಕೊಕ್ಕಿನ ಹಕ್ಕಿ ಹಿಡಿಯಲು ಹೋಗೋಣ ಎಂದು ಹೊಸಬನನ್ನು ರಾತ್ರಿ ಕಾಡಿಗೆ ಕರೆದುಕೊಂಡು ಹೋಗುತ್ತಾರೆ. 'ನೀನು ಇಲ್ಲಿ ಚೀಲದ ಬಾಯಿ ತೆರೆದು ಹಿಡಿ, ನಾವು ಆ ಕಡೆಯಿಂದ ಓಡಿಸುತ್ತೇವೆ' ಅಂತಾರೆ. ಆಮೇಲೆ ಎಲ್ಲರೂ ಹಿಂದೆ ಬಂದು ಮಲಗುತ್ತಾರೆ. ಚಳಿಗಾಲದಲ್ಲಿ ಸ್ನೈಪ್ ನಮ್ಮ ಗದ್ದೆಗಳಿಗೂ ಬರುತ್ತದೆ. ಅದನ್ನು ಯಾರೂ ಚೀಲ ಹಿಡಿದು ಕಾಯುವುದಿಲ್ಲ.

ಬ್ರಿಟನ್ನಿನವರು ಇದನ್ನೇ 'ಲೆಫ್ಟ್ ಹೋಲ್ಡಿಂಗ್ ದ ಬೇಬಿ' ಅನ್ನುತ್ತಾರೆ. ಚೀಲದ ಬದಲು ಮಗು. ಯಾರೋ 'ಒಂದು ನಿಮಿಷ ಹಿಡಿದುಕೊಳ್ಳಿ' ಎಂದು ಮಗು ಕೊಟ್ಟು ಹೋದವರು ಬರಲೇ ಇಲ್ಲ. ಚೀಲವನ್ನಾದರೂ ಕೆಳಗೆ ಇಡಬಹುದು, ಮಗುವನ್ನು ಇಡಲು ಆಗುತ್ತದಾ? ನನಗೆ ಎರಡರಲ್ಲಿ ಇದೇ ಚೆನ್ನಾಗಿ ಕಾಣುತ್ತದೆ. ಆದರೆ ಕೇಳುವವರು ಅಮೆರಿಕದವರಾದರೆ ಚೀಲವನ್ನೇ ಬಳಸಿ.

ಈಗ ನನ್ನದೇ ಕಥೆ. ಮೊದಲ ಕೆಲಸ ಸಿಕ್ಕ ವರ್ಷ ನಾವು ಐದು ಜನ ಹಂಪನಕಟ್ಟೆಯ ಹತ್ತಿರ ಗಡ್‌ಬಡ್ ಐಸ್‌ಕ್ರೀಮ್ ತಿನ್ನಲು ಹೋದೆವು. ಕಾಂಟ್ರಿ ಹಾಕುವುದು, ಅಂದರೆ ಎಲ್ಲರೂ ತಮ್ಮ ತಮ್ಮ ಪಾಲು ಕೊಡುವುದು ಎಂದು ಮಾತಾಗಿತ್ತು. ತಿಂದು ಮುಗಿಯುವಾಗ ಒಬ್ಬನಿಗೆ ಫೋನ್ ಬಂತು, ಹೊರಗೆ ಹೋದ. ಇನ್ನೊಬ್ಬ ಬೈಕ್ ಅಡ್ಡ ಇಟ್ಟಿದ್ದೇನೆ ಅಂದ. ಮತ್ತೊಬ್ಬ ಕೈ ತೊಳೆಯಲು ಎದ್ದ. ನಾಲ್ಕನೆಯವನು ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ನಾನು ಉದ್ದ ಚಮಚದಲ್ಲಿ ಗ್ಲಾಸಿನ ಅಡಿಯ ಜೆಲ್ಲಿ ಕೆದಕುತ್ತಿದ್ದೆ. ಆ ಜೆಲ್ಲಿ ಸುಲಭಕ್ಕೆ ಬರುವುದಿಲ್ಲ, ನಿಮಗೂ ಗೊತ್ತು. ತಲೆ ಎತ್ತಿದಾಗ ಎದುರಿಗೆ ನಾಲ್ಕು ಖಾಲಿ ಗ್ಲಾಸು, ಒಂದು ಬಟ್ಟಲು ಸೋಂಪು, ಅದರ ಕೆಳಗೆ ಬಿಲ್ಲು. ಪರ್ಸಿನಲ್ಲಿ ಅಷ್ಟು ದುಡ್ಡು ಇರಲಿಲ್ಲ. ಕೌಂಟರಿನಲ್ಲಿದ್ದವರು ನನ್ನ ಮುಖ ನೋಡಿಯೇ "ನಾಳೆ ಕೊಡಿ ಮಾರಾಯ್ರೇ, ಓಡಿಹೋಗುವವರ ಮುಖ ಹೀಗೆ ಇರುದಿಲ್ಲ" ಅಂದರು.

ಮೂರು ಪ್ರಶ್ನೆ ಹಾಕಿ ನೋಡಿ. ಬಿಟ್ಟು ಓಡಿದರು, ಹೌದು. ಉಳಿದದ್ದು ಬಿಲ್ಲು. ದಾಟಿಸಲು ಯಾರೂ ಇಲ್ಲ. ಹಾಗಾದರೆ ಇದು ಪಕ್ಕಾ ಚೀಲದ ಕೇಸು.

ನಾಲ್ಕನೇ ಹೆಜ್ಜೆ: ಬಿಲ್ಲು ಕೊಟ್ಟದ್ದು ಖುಷಿಯಿಂದಲೋ, ಸಿಟ್ಟಿನಿಂದಲೋ?

ಆ ದಿನದ್ದನ್ನೇ ನಾನು 'ಐ ಫುಟೆಡ್ ದ ಬಿಲ್' ಅಂದರೆ ತಪ್ಪೇನಲ್ಲ, ಆದರೆ ಉಪ್ಪಿಲ್ಲ. ಫುಟ್ ಅಂದರೆ ಇಲ್ಲಿ ಲೆಕ್ಕದ ಕಾಲಬುಡ. ಅಂಕಿಗಳನ್ನು ಸಾಲಾಗಿ ಬರೆದು ಕೂಡಿಸಿ ಮೊತ್ತವನ್ನು ಪುಟದ ಬುಡದಲ್ಲಿ ಬರೆಯುವುದರಿಂದ ಬಂದ ಮಾತು. ಮದುವೆ ಖರ್ಚನ್ನು ಮಾವ ಕೊಟ್ಟರು, ಆಸ್ಪತ್ರೆ ಖರ್ಚನ್ನು ಕಂಪನಿ ಕೊಟ್ಟಿತು ಅನ್ನುವಲ್ಲಿ ಇದು ಸರಿ. ಮನಸ್ಸಿನಿಂದ ಕೊಟ್ಟರೋ ಹಲ್ಲು ಕಚ್ಚಿಕೊಂಡು ಕೊಟ್ಟರೋ ಎಂದು ಅದು ಹೇಳುವುದಿಲ್ಲ.

'ಪಿಕ್ಡ್ ಅಪ್ ದ ಟ್ಯಾಬ್' ಅಂದರೆ ಜಾಸ್ತಿ ಸಲ 'ನಾನೇ ಕೊಡುತ್ತೇನೆ ಬಿಡಿ' ಎಂದು ಕೈ ಮುಂದೆ ಚಾಚಿದ್ದು. ನಿಮ್ಮ ಹೊಟ್ಟೆ ಉರಿದಿದ್ದರೆ 'ಐ ಗಾಟ್ ಸ್ಟಕ್ ವಿತ್ ದ ಬಿಲ್' ಅನ್ನಿ. ಸ್ಟಕ್ ಎಂಬ ಶಬ್ದದಲ್ಲೇ ಅಂಟು ಉಂಟು, ಹಲಸಿನಕಾಯಿಯ ಮೇಣದ ಹಾಗೆ.

ಸಾಲಕ್ಕೆ ಬೇರೆ ಮಾತು: 'ಸ್ಯಾಡಲ್ಡ್ ವಿತ್ ಡೆಟ್.' ಕುದುರೆಗೆ ಜೀನು ಬಿಗಿದ ಹಾಗೆ ಸಾಲ ಬೆನ್ನಿಗೆ ಬಿದ್ದದ್ದು. ಗೆಳೆಯನ ಸಾಲಕ್ಕೆ ಜಾಮೀನು ಸಹಿ ಹಾಕಿ ಕಂತು ಕಟ್ಟುತ್ತಿರುವವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ನಮ್ಮಲ್ಲಿ ಅದಕ್ಕೆ 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಅನ್ನುತ್ತೇವೆ. ಸಣ್ಣಪುಟ್ಟ ಬೇಡದ ಕೆಲಸಕ್ಕೆ ಬ್ರಿಟನ್ನಿನವರು 'ಲಂಬರ್ಡ್ ವಿತ್' ಅನ್ನುತ್ತಾರೆ. ಸಂಘದ ವರದಿ ಬರೆಯುವ ಕೆಲಸ ನಿಮ್ಮ ಮೇಲೆ ಬಿತ್ತಲ್ಲ, ಅದು.

ಐದನೇ ಹೆಜ್ಜೆ: ಕೊರಳಿಗೆ ಬಿದ್ದದ್ದನ್ನು ಬೇರೆ ಮಾಡಿ

ಇಲ್ಲಿ ಯಾರೂ ಓಡಿಹೋಗಬೇಕೆಂದಿಲ್ಲ. ಹೊರೆ ನಿಮ್ಮದೇ, ಇಳಿಯುವುದಿಲ್ಲ, ಅಷ್ಟೆ.

'ಮಿಲ್‌ಸ್ಟೋನ್ ಅರೌಂಡ್ ದ ನೆಕ್' ಬೈಬಲಿನ ಮತ್ತಾಯನ ಸುವಾರ್ತೆಯಿಂದ ಬಂದದ್ದು. ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವ ಮಾತು ಅಲ್ಲಿ ಬರುತ್ತದೆ. 'ಆಲ್ಬಟ್ರಾಸ್ ಅರೌಂಡ್ ದ ನೆಕ್' ಕೋಲ್‌ರಿಜ್ ಕವಿಯ 1798ರ ಪದ್ಯದಿಂದ. ನಾವಿಕನೊಬ್ಬ ಹಡಗಿನ ಜೊತೆಗೆ ಹಾರಿ ಬರುತ್ತಿದ್ದ ದೊಡ್ಡ ಕಡಲಹಕ್ಕಿಯನ್ನು ಸುಮ್ನೆ ಕೊಂದ. ಗಾಳಿ ನಿಂತಿತು, ಕುಡಿಯುವ ನೀರು ಮುಗಿಯಿತು. ಜೊತೆಯವರು ಆ ಸತ್ತ ಹಕ್ಕಿಯನ್ನೇ ಅವನ ಕೊರಳಿಗೆ ತೂಗುಹಾಕಿದರು. ಎರಡೂ ಒಂದೇ ಅಲ್ಲ ನೋಡಿ. ಕಲ್ಲಿಗೆ ಭಾರ ಮಾತ್ರ. ಹಕ್ಕಿಗೆ ಭಾರದ ಜೊತೆಗೆ ತಪ್ಪಿನ ನೆನಪೂ ಉಂಟು. ಹಾಗಾಗಿ ಮನೆ ಸಾಲ ಕಲ್ಲು. ಹಿಂದೆ ನೀವೇ ಹಟ ಹಿಡಿದು ತೆಗೆದುಕೊಂಡ, ಈಗಲೂ ಊರವರು ಎತ್ತಿ ಆಡುವ ತೀರ್ಮಾನ ಹಕ್ಕಿ.

'ವೈಟ್ ಎಲಿಫಂಟ್' ಕಲಿಸುವ ಅಗತ್ಯವೇ ಇಲ್ಲ. ಬಿಳಿ ಆನೆ ಕನ್ನಡ ಪೇಪರಿನಲ್ಲೇ ವಾರಕ್ಕೊಮ್ಮೆ ನಡೆದಾಡುತ್ತದೆ. ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ ರಾಜ ತನಗೆ ಆಗದವನಿಗೆ ಬಿಳಿ ಆನೆ ದಾನ ಕೊಡುತ್ತಿದ್ದ, ಅದನ್ನು ಮಾರುವ ಹಾಗಿಲ್ಲ, ದುಡಿಸುವ ಹಾಗಿಲ್ಲ, ಸಾಕಿ ಸಾಕಿಯೇ ದಿವಾಳಿ ಎಂಬ ಕಥೆ ಕೇಳಿರುತ್ತೀರಿ. ಕಥೆ ಚೆನ್ನಾಗಿದೆ, ಆದರೆ ಅದನ್ನು ಚರಿತ್ರೆ ಎಂದು ಹೇಳಬೇಡಿ. ಸಯಾಮಿನಲ್ಲಿ ಬಿಳಿ ಆನೆ ಪವಿತ್ರ. ಒಂದು ಕಾಲದಲ್ಲಿ ಅವರ ಬಾವುಟದಲ್ಲೇ ಅದು ಇತ್ತು. ಅಂಥದನ್ನು ಶತ್ರುವಿಗೆ ಯಾರು ಕೊಡುತ್ತಾರೆ? ಒಂದು ಎಚ್ಚರ: ಡಿಸೆಂಬರಿನಲ್ಲಿ ಅಮೆರಿಕದ ಆಫೀಸಿನವರು 'ವೈಟ್ ಎಲಿಫಂಟ್' ಪಾರ್ಟಿಗೆ ಕರೆದರೆ ಗಾಬರಿಯಾಗಬೇಡಿ. ಅದು ಯಾರಿಗೂ ಬೇಡದ ತಮಾಷೆಯ ಉಡುಗೊರೆಗಳನ್ನು ಅದಲುಬದಲು ಮಾಡುವ ಆಟ. ಗೃಹಪ್ರವೇಶಕ್ಕೆ ಬಂದ ಆರನೇ ಗೋಡೆ ಗಡಿಯಾರ ನಿಮ್ಮಲ್ಲಿದ್ದರೆ ಅದಕ್ಕೆ ದಾರಿಯಾಯಿತು.

ಸಿಂದಬಾದನ ಐದನೇ ಯಾನದ ಮುದುಕನೂ ಇದೇ ಗುಂಪಿನವನು. ಹೊಳೆ ದಾಟಿಸು ಎಂದು ಹೆಗಲು ಹತ್ತಿದವನು ಇಳಿಯಲೇ ಇಲ್ಲ. ಇಂಗ್ಲಿಷಿನಲ್ಲಿ 'ಓಲ್ಡ್ ಮ್ಯಾನ್ ಆಫ್ ದ ಸೀ' ಎಂದು ಪುಸ್ತಕದಲ್ಲಿ ಕಂಡರೆ ಅರ್ಥ ಮಾಡಿಕೊಳ್ಳಿ, ಮಾತಿನಲ್ಲಿ ಬಳಸಬೇಡಿ. ನಮ್ಮ ಬೇತಾಳ ಅವನಿಗಿಂತ ವಾಸಿ, ಕಥೆಯಾದರೂ ಹೇಳುತ್ತದೆ.

ಆರನೇ ಹೆಜ್ಜೆ: ಕೈಯಿಂದ ಕೈಗೆ ದಾಟುವುದು

'ಹಾಟ್ ಪೊಟೇಟೊ' ಅಂದರೆ ಬಿಸಿ ಆಲೂಗಡ್ಡೆ. ಇದಕ್ಕೆ ಕನ್ನಡದಲ್ಲಿ 'ಬಿಸಿ ತುಪ್ಪ' ಎಂದು ಬರೆದುಕೊಳ್ಳುವವರೇ ಜಾಸ್ತಿ. ತಾಳಿ. ಬಿಸಿ ತುಪ್ಪ ಇರುವುದು ಬಾಯಿಯಲ್ಲಿ. ನುಂಗಲೂ ಆಗುವುದಿಲ್ಲ, ಉಗುಳಲೂ ಆಗುವುದಿಲ್ಲ. ನರಳುವವನು ಒಬ್ಬನೇ. ಆಲೂಗಡ್ಡೆ ಕೈಯಲ್ಲಿರುವುದು, ಅದನ್ನು ಪಕ್ಕದವನ ಕೈಗೆ ಎಸೆಯಬಹುದು. ಯಾರೂ ಮುಟ್ಟಲು ಒಪ್ಪದ ವಿಷಯ, ಎಲ್ಲರೂ ಬೇಗ ದಾಟಿಸುವ ವಿಷಯ, ಅದು ಹಾಟ್ ಪೊಟೇಟೊ. ಮೂರನೇ ಪ್ರಶ್ನೆ ಕೆಲಸಕ್ಕೆ ಬರುವುದು ಇಲ್ಲಿಯೇ.

'ಪಾಸ್ ದ ಬಕ್' ನಿಮಗೆಲ್ಲ ಅನುಭವ ಇರುವ ಸಂಗತಿ. ಒಂದು ಅರ್ಜಿ ಹಿಡಿದು ಹೋಗುತ್ತೀರಿ. ಈ ಟೇಬಲಿನವರು ಆ ಟೇಬಲಿಗೆ ಕಳಿಸುತ್ತಾರೆ. ಆ ಟೇಬಲಿನವರು ಊಟಕ್ಕೆ ಹೋಗಿರುತ್ತಾರೆ. ಬಂದ ಮೇಲೆ ಈ ಟೇಬಲಿಗೇ ಕಳಿಸುತ್ತಾರೆ. ಬಕ್ ಅಂದರೆ ಇಲ್ಲಿ ಡಾಲರ್ ಅಲ್ಲ. ಪೋಕರ್ ಇಸ್ಪೀಟಿನಲ್ಲಿ ಎಲೆ ಹಂಚುವ ಸರದಿ ಯಾರದು ಎಂದು ತೋರಿಸಲು ಎದುರಿಗೆ ಇಡುತ್ತಿದ್ದ ಗುರುತು. ಸರದಿ ಬೇಡವಾದರೆ ಗುರುತನ್ನು ಪಕ್ಕಕ್ಕೆ ತಳ್ಳಬಹುದಿತ್ತು. ಅಮೆರಿಕದ ಅಧ್ಯಕ್ಷ ಟ್ರೂಮನ್ ಮೇಜಿನ ಮೇಲೆ 'ದ ಬಕ್ ಸ್ಟಾಪ್ಸ್ ಹಿಯರ್' ಎಂಬ ಹಲಗೆ ಇತ್ತು. ಅದನ್ನು ಮಾಡಿದ್ದು ಓಕ್ಲಹೋಮಾದ ಎಲ್ ರೀನೊ ಎಂಬಲ್ಲಿನ ಜೈಲಿನಲ್ಲಿ. ಟ್ರೂಮನ್‌ಗೆ ತಲುಪಿದ್ದು 1945ರ ಅಕ್ಟೋಬರಿನಲ್ಲಿ. ನಮ್ಮ ಟೇಬಲುಗಳ ಮೇಲೂ ಒಂದು ಇದ್ದರೆ ಒಳ್ಳೆಯದಿತ್ತು.

ರಗ್ಬಿಯಿಂದ ಬಂದ 'ಹಾಸ್ಪಿಟಲ್ ಪಾಸ್' ನನಗೆ ಬಹಳ ಇಷ್ಟ. ಎದುರಾಳಿಗಳು ಮೈಮೇಲೆ ಬೀಳುವ ಹೊತ್ತಿಗೆ ಸರಿಯಾಗಿ ಚೆಂಡನ್ನು ನಿಮ್ಮ ಕೈಗೆ ಕೊಡುವುದು. ಮುಂದಿನ ದಾರಿ ಆಸ್ಪತ್ರೆಯೇ. ನಾಳೆ ಆಡಿಟ್ ಇದೆ ಅನ್ನುವಾಗ ಇವತ್ತು ಸಂಜೆ ಫೈಲ್ ಕೊಡುವ ಮ್ಯಾನೇಜರ್ ಮಾಡುವುದು ಇದನ್ನೇ.

ಏಳನೇ ಹೆಜ್ಜೆ: ಕೈಬಿಟ್ಟವರ ಮಾತು, ಬೈಗುಳ ಹೊತ್ತವರ ಮಾತು

'ಲೆಫ್ಟ್ ಹೈ ಅಂಡ್ ಡ್ರೈ' ಹಡಗಿನ ಮಾತು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು, ಮರಳಿನ ಮೇಲೆ ಕೂತು ಬಿಟ್ಟ ಹಡಗು. ಮಲ್ಪೆಯ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ತಮಾಷೆ ನೋಡಿ. ನಾವು ಇದನ್ನೇ 'ನಡುನೀರಲ್ಲಿ ಕೈಬಿಟ್ಟರು' ಅನ್ನುತ್ತೇವೆ. ನಮಗೆ ನೀರು ಜಾಸ್ತಿಯಾಗಿ ಕಷ್ಟ, ಅವರಿಗೆ ನೀರು ಇಲ್ಲದೇ ಕಷ್ಟ. ಅನುವಾದ ಮಾಡಲು ಹೋದರೆ ಮುಳುಗುತ್ತೀರಿ. 'ಲೆಫ್ಟ್ ಇನ್ ದ ಲರ್ಚ್' ಕೂಡ ಇದೇ ಅರ್ಥ. ಅದು ಒಂದು ಹಳೇ ಫ್ರೆಂಚ್ ಆಟದ ಹೆಸರಿನಿಂದ ಬಂದದ್ದು.

ಬೈಗುಳಕ್ಕೆ ಬ್ರಿಟನ್ನಿನವರ 'ಕ್ಯಾರಿ ದ ಕ್ಯಾನ್' ಇದೆ. ಇನ್ನೊಬ್ಬರ ತಪ್ಪಿಗೆ ಇವನು ಉತ್ತರ ಕೊಡಬೇಕು. ನಮ್ಮಲ್ಲಿ ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸುತ್ತದೆ. ಮೇಕೆ ಇಂಗ್ಲಿಷಿನಲ್ಲೂ ಉಂಟು: 'ಸ್ಕೇಪ್‌ಗೋಟ್.' ಊರಿನ ಪಾಪವನ್ನೆಲ್ಲ ಒಂದು ಆಡಿನ ಮೇಲೆ ಹೊರಿಸಿ ಕಾಡಿಗೆ ಬಿಡುವ ಬೈಬಲಿನ ಪದ್ಧತಿಯಿಂದ 1530ರಲ್ಲಿ ಟಿಂಡೇಲ್ ಮಾಡಿದ ಶಬ್ದ. ಇದನ್ನು 'ಹರಕೆಯ ಕುರಿ' ಎಂದು ಬರೆದುಕೊಂಡರೆ ಸ್ವಲ್ಪ ತಪ್ಪುತ್ತದೆ. ಹರಕೆಯ ಕುರಿಯನ್ನು ಕಡಿಯುತ್ತಾರೆ, ಆ ಆಡನ್ನು ಜೀವಸಹಿತ ಓಡಿಸುತ್ತಿದ್ದರು. 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಹೆಚ್ಚು ಹತ್ತಿರ.

ಎಂಟನೇ ಹೆಜ್ಜೆ: ಸಣ್ಣ ಶಬ್ದಗಳನ್ನು ಬಿಡಬೇಡಿ

ನಮ್ಮವರು ಎಡವುವುದು ಇಲ್ಲೇ. 'ಐ ವಾಸ್ ಹೋಲ್ಡಿಂಗ್ ದ ಬ್ಯಾಗ್' ಅಂದರೆ ನೀವು ಚೀಲ ಹಿಡಿದುಕೊಂಡಿದ್ದಿರಿ, ಅಷ್ಟೆ. ತರಕಾರಿ ತರಲು ಹೋಗಿದ್ದಿರಬಹುದು. 'ಲೆಫ್ಟ್' ಸೇರಿದರೆ ಮಾತ್ರ ಯಾರೋ ಓಡಿದರು ಎಂದಾಗುತ್ತದೆ. 'ದ' ಕೂಡ ಬೇಕು. 'ಮೈ ಬ್ಯಾಗ್' ಅಂದರೆ ಕೆಟ್ಟಿತು.

ಎರಡು ಅಚ್ಚು ಬಾಯಿಗೆ ಬರಲಿ. ಯಾರು ಓಡಿದರು ಎಂದು ಹೇಳಲು ಮನಸ್ಸಿಲ್ಲದಿದ್ದರೆ 'ಐ ವಾಸ್ ಲೆಫ್ಟ್ ಹೋಲ್ಡಿಂಗ್ ದ ಬ್ಯಾಗ್.' ಹೆಸರು ಹೇಳಿಯೇ ತೀರಬೇಕಾದರೆ 'ದೆ ಲೆಫ್ಟ್ ಮಿ ಹೋಲ್ಡಿಂಗ್ ದ ಬ್ಯಾಗ್.' ಆಫೀಸಿನಲ್ಲಿ ಮೊದಲನೆಯದೇ ಕ್ಷೇಮ.

ಇನ್ನೊಂದು. ಕನ್ನಡದಲ್ಲಿ 'ನನ್ನ ಮೇಲೆ ಹಾಕಿದ' ಅನ್ನುತ್ತೇವಲ್ಲ, ಆ 'ಮೇಲೆ' ಇಂಗ್ಲಿಷಿಗೂ ನುಗ್ಗುತ್ತದೆ. 'ಹಿ ಪಾಸ್ಡ್ ದ ಬಕ್ ಆನ್ ಮಿ' ಎಂದು ಬರೆಯುತ್ತೇವೆ. ಅಲ್ಲಿ 'ಟು ಮಿ' ಬರಬೇಕು. ಇಸ್ಪೀಟಿನ ಗುರುತನ್ನು ಯಾರೂ ಮೈಮೇಲೆ ಹಾಕುವುದಿಲ್ಲ, ಪಕ್ಕದವನ ಎದುರಿಗೆ ಸರಿಸುತ್ತಾರೆ.

ಒಂಬತ್ತನೇ ಹೆಜ್ಜೆ: ಎಲ್ಲಿ ಬಾಯಿ ಮುಚ್ಚಿಕೊಳ್ಳಬೇಕು

ದೂರಿನ ಪತ್ರ, ವಕೀಲರಿಗೆ ಬರೆಯುವುದು, ಬ್ಯಾಂಕಿಗೆ ಬರೆಯುವುದು: ಇಲ್ಲೆಲ್ಲ ನುಡಿಗಟ್ಟು ಬೇಡ. ಎಷ್ಟು ದುಡ್ಡು, ಯಾವ ತಾರೀಕು, ಯಾರು ಒಪ್ಪಿದ್ದರು ಎಂದು ನೇರ ಬರೆಯಿರಿ. ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳುವವರ ಎದುರು ಆಲ್ಬಟ್ರಾಸ್, ಮಿಲ್‌ಸ್ಟೋನ್ ಅನ್ನಬೇಡಿ. ಒಂದೇ ಮೇಲ್‌ನಲ್ಲಿ ಚೀಲ, ಮಗು, ಆನೆ, ಆಲೂಗಡ್ಡೆ ಎಲ್ಲವನ್ನೂ ತುಂಬಿದರೆ ಓದುವವರಿಗೆ ಸಂತೆಗೆ ಬಂದ ಹಾಗಾಗುತ್ತದೆ.

ಹತ್ತನೇ ಹೆಜ್ಜೆ: ಒಂದು ವಾರದ ಅಭ್ಯಾಸ

ದಿನಕ್ಕೆ ಒಂದೇ ನುಡಿಗಟ್ಟು. ಬೆಳಿಗ್ಗೆ ಬಸ್ಸಿನಲ್ಲಿ ಅದರ ಚಿತ್ರ ಕಣ್ಣೆದುರು ತನ್ನಿ. ಸಂಜೆಗೆ ಆ ದಿನ ನಿಜವಾಗಿ ನಡೆದ ಒಂದು ಸಂಗತಿಗೆ ಅದನ್ನು ಕಟ್ಟಿ ಒಂದು ವಾಕ್ಯ ಬರೆಯಿರಿ. ಕಲ್ಪನೆಯ ವಾಕ್ಯ ಬೇಡ, ಅದು ನಿಲ್ಲುವುದಿಲ್ಲ. ಆ ದಿನ ಯಾರೂ ನಿಮ್ಮ ತಲೆಗೆ ಏನೂ ಕಟ್ಟದಿದ್ದರೆ, ನೀವು ಯಾರ ತಲೆಗೆ ಏನು ಕಟ್ಟಿದಿರಿ ಎಂದು ಬರೆಯಿರಿ. ಏಳನೇ ದಿನ ಪುಸ್ತಕದ ಕನ್ನಡ ಪಟ್ಟಿಯನ್ನೂ ಇಂಗ್ಲಿಷ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ಪೂರ್ತಿ ಹೊಂದುವುದಕ್ಕೆ ಗೆರೆ ಎಳೆಯಿರಿ. ಗೆರೆ ತುಂಬ ಕಡಿಮೆ ಬರುತ್ತದೆ. ಬರಬೇಕಾದದ್ದೂ ಹಾಗೆಯೇ.

ಕೈ ಎತ್ತಿದ ಮೇಲ್ ಬರೆದ ಹುಡುಗ ಉಡುಪಿಯ ಕಡೆಯವನು. ಅವನ ಓಣಿಯಲ್ಲಿ ಅಷ್ಟಮಿಗೆ ಮೊಸರು ಕುಡಿಕೆ ಮಾಡಿದರು. ಮರುದಿನ ಬೆಳಿಗ್ಗೆ ಕ್ಲಾಸಿನ ಗ್ರೂಪಿಗೆ ಒಂದು ಫೋಟೋ ಬಂತು. ಒಡೆದ ಕುಡಿಕೆಯ ಕುತ್ತಿಗೆ ಭಾಗ ಇವನ ಕೈಯಲ್ಲಿ. ಹಿಂದೆ ಅಂಗಳದಲ್ಲಿ ಚೀಟಿ ಹಿಡಿದು ನಿಂತ ಶಾಮಿಯಾನದವರು. ಕೆಳಗೆ ಬರೆದಿದ್ದ: 'ಕಮಿಟಿ ಲೆಫ್ಟ್ ಮಿ ಹೋಲ್ಡಿಂಗ್ ದ ಕುಡಿಕೆ.' ಲೆಫ್ಟ್ ಬಿಟ್ಟಿರಲಿಲ್ಲ, ದ ಬಿಟ್ಟಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ. ಬಾಕಿ ಎಷ್ಟಾಗಿದೆ ಎಂದು ಕೇಳಿದೆ.